ಬಾಲದ ಮೇಷ್ಟ್ರು

ನನಗೆ ಮರೆವು ಅಂದವರು ಯಾರು? ನಿನ್ನೆ ಉಂಡದ್ದು ಮರೆತಿರಬಹುದು, ಹಳೆಯ ಜಗಳ ಒಂದನ್ನೂ ಮರೆತಿಲ್ಲ. ಬಾಯಿ ಮುಚ್ಚಿಕೊಂಡು ಕೇಳಿ. ಈ ಕಥೆಯಲ್ಲಿ ಮರೆತವರು ಬೇರೆಯೇ ಇದ್ದಾರೆ.

"ಅವನನ್ನ ಸುಮ್ನೆ ಬಿಡಲ್ಲ ಮೇಷ್ಟ್ರೇ," ಎಂದಳು ಲಾಂಡ್ರಿಯಾಕೆ. "ಇದನ್ನ ಇಂಗ್ಲಿಷಲ್ಲಿ ಹೇಗನ್ನೋದು?"

ಮೇಷ್ಟ್ರಿಗೆ ಹಬ್ಬವಾಯಿತು. ಬೋರ್ಡಿನ ತುಂಬ ಬರೆದರು. "ಐ ವಿಲ್ ನಾಟ್ ಲೆಟ್ ಹಿಮ್ ಗೆಟ್ ಅವೇ ವಿತ್ ಇಟ್! ಗೆಟ್ ಅಂದ್ರೆ ಪಡೆ. ಅವೇ ಅಂದ್ರೆ ದೂರ. ವಿತ್ ಅಂದ್ರೆ ಜೊತೆ. ಮೂರೂ ಸೇರಿದ್ರೆ? ತಪ್ಪು ಮಾಡಿಯೂ ದಕ್ಕಿಸಿಕೊಳ್ಳೋದು!"

"ಇದ್ಯಾವ ಸೀಮೆ ನ್ಯಾಯ ಮೇಷ್ಟ್ರೇ?" ಎಂದ ಟ್ಯಾಕ್ಸಿಯವ. 'ಲುಕ್ ಫಾರ್ವರ್ಡ್ ಟು' ಎನ್ನುವಾಗ 'ಟು' ನುಂಗಿದ್ದಕ್ಕೆ, ಮೇಷ್ಟ್ರು ಕೂರು ಅನ್ನುವ ತನಕ ಎಂದು, ಅವನು ಆಗಿನಿಂದ ನಿಂತೇ ಇದ್ದ.

"ಸೊಸೆ ಬಂದ್ಮೇಲೆ ಮಗ ಬದಲಾಗಲ್ವೇನಯ್ಯ? ಹಾಗೇ. ಕ್ರಿಯಾಪದಕ್ಕೆ ಬಾಲ ಅಂಟಿತೋ, ಗುಣವೇ ಬೇರೆ."

ಟೈರ್ ಅಂಗಡಿಯ ಮೇಲಿನ ಆ ಕೋಣೆಯಲ್ಲಿ ಸಂಜೆಯಾದರೆ ರಬ್ಬರ್ ವಾಸನೆ, ಇಂಗ್ಲಿಷ್ ಪಾಠ. ದುಡಿದು ದಣಿದು ಬಂದವರೆಲ್ಲ ಸೇರಿ ಅವರಿಗೆ 'ಬಾಲದ ಮೇಷ್ಟ್ರು' ಎಂದು ಹೆಸರಿಟ್ಟಿದ್ದರು. ಸುಮ್ಮನೆ ಇಟ್ಟದ್ದಲ್ಲ. ಯಾರು ಏನೇ ಹೇಳಲಿ, ಮೇಷ್ಟ್ರ ಕಿವಿ ಬಾಲದ ಮೇಲೆ. ಕ್ಷೌರದವನು ತನ್ನಪ್ಪ ತೀರಿಹೋದ ಸುದ್ದಿ ಹೇಳಿದಾಗಲೂ, "ಪಾಸ್ಡ್ ಆಫ್ ಅಲ್ಲಯ್ಯ, ಪಾಸ್ಡ್ ಅವೇ!" ಎಂದು ತಿದ್ದಿ, ಅವನು ಸರಿಯಾಗಿ ಹೇಳಿದ ಮೇಲೆ "ಭೇಷ್!" ಎಂದು ಚಪ್ಪಾಳೆ ತಟ್ಟಿದ್ದರು.

"ಯಾರಮ್ಮ ಅವನು?" ಎಂದು ಕೇಳಿದರು ಲಾಂಡ್ರಿಯಾಕೆಯನ್ನು.

"ದೊಡ್ಡ ಮನುಷ್ಯ. ನನ್ನ ತಂಗಿ ಅರಳು ಹುರಿದ ಹಾಗೆ ಮಾತಾಡೋಳು ಮೇಷ್ಟ್ರೇ. ಎಲ್ಲರ ಮುಂದೆ ಅವಳ ಮಾತನ್ನ ಆಡಿಕೊಂಡ. ಅವಳದೇ ದನಿ ತೆಗೆದು ಅಣಕಿಸಿದ. ಎಲ್ಲ ನಕ್ಕರು. ಅವತ್ತಿಂದ ಹೊರಗಿನವರ ಎದುರು ತುಟಿ ಬಿಚ್ಚಲ್ಲ. ಗಿರಾಕಿ ಬಂದ್ರೆ ಬಟ್ಟೆ ಗಂಟಿನ ಹಿಂದೆ ಅಡಗ್ತಾಳೆ."

ಲಾಂಡ್ರಿಗೆ ದೊಡ್ಡ ಹೋಟೆಲಿನ ಹಾಸು ಹೊದಿಕೆ ಬರುವುದು ಮೇಷ್ಟ್ರಿಗೆ ಗೊತ್ತಿತ್ತು. "ಹೋಟೆಲ್ ಮ್ಯಾನೇಜರ್ ತಾನೆ?" ಎಂದು ಕಣ್ಣು ಮಿಟುಕಿಸಿದರು.

"ಇಂಗ್ಲಿಷ್ ಅರೆದು ಕುಡಿದಿದ್ದಾನೆ," ಎಂದಳು. ಅಷ್ಟೇ ಎಂದಳು.

"ಹಾಗಾದ್ರೆ ಅವನ ಕೋಲಲ್ಲೇ ಅವನ ಬೆನ್ನಿಗೆ ಬಾರಿಸೋಣ!"

ಈ ಉತ್ಸಾಹಕ್ಕೆ ಕಾರಣವಿತ್ತು. ಈ ಪಾಠ ನಡೆಸುವ ಸಂಸ್ಥೆಯ ವಾರ್ಷಿಕೋತ್ಸವಕ್ಕೆ ಮಾಲೀಕರು ಬರುವವರಿದ್ದರು. ಹೊಸ ಶಾಖೆಗೆ ಮುಖ್ಯಸ್ಥರು ಯಾರೆಂದು ಆ ವೇದಿಕೆಯಲ್ಲೇ ಸಾರುವವರಿದ್ದರು. ಆ ಕುರ್ಚಿಗಾಗಿ ಮೇಷ್ಟ್ರು ಬಹಳ ಕಾಲದಿಂದ ಚಾತಕಪಕ್ಷಿಯಂತೆ ಕಾದಿದ್ದರು. ಇಸ್ತ್ರಿ ಹಾಕುವ ಹೆಂಗಸು ಅದೇ ವೇದಿಕೆಯಲ್ಲಿ ನಿಂತು ಬಾಲ ತಪ್ಪದ ಇಂಗ್ಲಿಷಿನಲ್ಲಿ ಒಬ್ಬ ದೊಡ್ಡ ಮನುಷ್ಯನ ಚರ್ಮ ಸುಲಿದರೆ ಮಾಲೀಕರು ಬೆರಗಾಗದೆ ಇರುತ್ತಾರೆಯೇ?

ಪಾಠ ಶುರುವಾಯಿತು. ಲುಕ್ ಡೌನ್ ಆನ್, ಕೀಳಾಗಿ ಕಾಣು. ಪುಟ್ ಅಪ್ ವಿತ್, ನುಂಗಿಕೊಂಡು ಸಹಿಸು. ಸ್ಟ್ಯಾಂಡ್ ಅಪ್ ಟು, ಎದುರಿಸಿ ನಿಲ್ಲು. ಅವಳು ತಂದ ಒಂದೊಂದು ಮಾತಿಗೂ ಮೇಷ್ಟ್ರು ಸಾಣೆ ಹಿಡಿದರು. ಮೆತ್ತಗಿದ್ದ ಕಡೆ ಖಾರ ಅರೆದರು. ಊಟಕ್ಕೆ ಕೂತರೂ ಅದೇ ಧ್ಯಾನ.

"ಆ ಮ್ಯಾನೇಜರ್ ಮತ್ತೆ ತಲೆ ಎತ್ತಬಾರದು ಕಣೇ!"

"ಪಾಪ, ಬಿಡೀಂದ್ರೆ," ಎಂದರು ಹೆಂಡತಿ. "ಅವನಿಗೂ ಮನೇಲಿ ಹೆಂಡ್ತಿ ಅಂತ ಒಬ್ಬಳು ಇರ್ತಾಳೆ."

"ಇರಲಿ! ಎಂಥವನನ್ನ ಕಟ್ಟಿಕೊಂಡೆ ಅಂತ ಅವಳಿಗೂ ಗೊತ್ತಾಗಲಿ!"

ಮರುದಿನ ಲಾಂಡ್ರಿಯಾಕೆಗೆ ಹೇಳಿದರು: "ಅವನನ್ನೂ ಕರೀಬೇಕಮ್ಮ. ಬೆನ್ನ ಹಿಂದೆ ಬೈದರೆ ಏನು ರುಚಿ?"

"ಕರೆಯೋದೇನು ಬಂತು ಮೇಷ್ಟ್ರೇ. ಬಂದೇ ಬರ್ತಾನೆ."

ಆ ದಿನ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಮಾಲೀಕರು, ಪಕ್ಕದಲ್ಲಿ ಮೇಷ್ಟ್ರು, ಅವರ ಪಕ್ಕ ಹೊಸ ಸೀರೆಯುಟ್ಟ ಹೆಂಡತಿ. ಲಾಂಡ್ರಿಯಾಕೆ ಮೈಕ್ ಹಿಡಿದಳು. ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ, ಹೇಳುತ್ತಾ ಹೋದಳು. ಅವನು ನನ್ನ ತಂಗಿಯನ್ನು ಕೀಳಾಗಿ ಕಂಡ. ಅವಳು ಸಹಿಸಿಕೊಂಡಳು. ಇನ್ನು ಸಹಿಸುವುದಿಲ್ಲ. ಒಂದು ಬಾಲವೂ ತಪ್ಪಲಿಲ್ಲ. ನಡುವೆ ಒಮ್ಮೆ ತಡವರಿಸಿದಾಗ ಮೇಷ್ಟ್ರೇ ಪಿಸುಗುಟ್ಟಿ ದಾರಿ ತೋರಿಸಿದರು. ಮಾಲೀಕರು ಕುರ್ಚಿಯ ತುದಿಗೆ ಬಂದಿದ್ದರು. "ನಿಮ್ಮ ಶಿಷ್ಯೆಯೇನ್ರೀ?" ಎಂದು ಕೇಳಿದರು.

"ನಾನೇ ತಿದ್ದಿದ್ದು ಸಾರ್. ಒಂದೊಂದು ಮಾತೂ."

ಮೇಷ್ಟ್ರು ಬಾಗಿಲ ಕಡೆ ಕತ್ತು ಹೊರಳಿಸಿ ನೋಡಿದರು. ಕೋಟು ತೊಟ್ಟ ಮ್ಯಾನೇಜರ್ ಯಾರೂ ಕಾಣಲಿಲ್ಲ. ತಡೆಯಲಾಗಲಿಲ್ಲ. ಎದ್ದು ನಿಂತೇಬಿಟ್ಟರು.

"ಬಂದಿದ್ದಾನೇನಮ್ಮ ಆ ಮಹಾನುಭಾವ? ತೋರಿಸು! ಹೆದರಬೇಡ, ನಾನಿದ್ದೀನಿ!"

"ನೀವಿದ್ದೀರಿ ಅಂತಲೇ ಧೈರ್ಯ ಮೇಷ್ಟ್ರೇ," ಎಂದಳು ಲಾಂಡ್ರಿಯಾಕೆ. "ಆದ್ರೆ ನಾನು ತೋರಿಸಲ್ಲ. ತಂಗೀನೇ ಹೇಳ್ತಾಳೆ."

ಹಿಂದಿನ ಸಾಲಿನಿಂದ ಒಂದು ಸಣಕಲು ಹುಡುಗಿ ಎದ್ದಳು. ಮೇಷ್ಟ್ರಿಗೆ ಆ ಮುಖವನ್ನು ಎಲ್ಲೂ ನೋಡಿದ ನೆನಪಾಗಲಿಲ್ಲ. ಬಾ ಮಗಳೇ ಎನ್ನುವಂತೆ ನಕ್ಕು ಕೈ ಬೀಸಿದರು. ಅವಳು ವೇದಿಕೆಗೆ ಹೋಗಲಿಲ್ಲ. ಸಾಲುಗಳ ನಡುವೆ ನಡೆದು ಬಂದು ನೇರ ಅವರ ಮುಂದೆಯೇ ನಿಂತಳು. ತುಟಿ ಬಿಚ್ಚಿದಳು.

"ಅವತ್ತು ಪಾಠ ಮುಗಿದ್ರೂ ಕೂರು ಅನ್ನಲಿಲ್ಲ ನೀವು," ಎಂದಳು ಹುಡುಗಿ. "ಈಗ ಕೂತ್ಕೊಳ್ಳಲಾ ಮೇಷ್ಟ್ರೇ?"

ಇದನ್ನು ನಿಮಗೆ ಗೊತ್ತಿರುವವರಿಗೆಲ್ಲ ದಾಟಿಸಿ. ಮಾಲೀಕರಿಗೂ ಮೇಷ್ಟ್ರ ಹೆಂಡತಿಗೂ ಮಾತ್ರ ಬೇಡ, ಅವರು ಮುಂದಿನ ಸಾಲಿನಲ್ಲೇ ಕೂತಿದ್ದರು.