ಸ್ವೇರ್ ಮಾಡಿದ್ದು ಯಾರು?

"ಸತ್ಯವನ್ನೇ ಹೇಳುತ್ತೇನೆ, ಸತ್ಯವನ್ನಲ್ಲದೆ ಬೇರೇನನ್ನೂ ಹೇಳುವುದಿಲ್ಲ" ಎಂದು ಪ್ರಮಾಣ ಮಾಡಿ ಟೀಚರಮ್ಮ ಕಟಕಟೆಯ ಕಂಬಿ ಹಿಡಿದು ನಿಂತರು. ಮೂವತ್ತೆರಡು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾದ ಹೆಂಗಸು. ಎದುರಿನ ಬೆಂಚಿನಲ್ಲಿ ದೂರುದಾರ ಕೂತಿದ್ದ. ಅವನು ಅವರ ಸ್ವಂತ ತಮ್ಮ, ಅವರಿಬ್ಬರೂ ಇರುವ ಅಪಾರ್ಟ್‌ಮೆಂಟಿನ ಕಾರ್ಯದರ್ಶಿ. ಆಚೆ ಗೋಡೆಯ ಪಕ್ಕ ಆರೋಪಿ ನಿಂತಿದ್ದ, ಲಿಫ್ಟ್ ಮೆಕ್ಯಾನಿಕ್.

ಕೇಸು ಇಷ್ಟೇ. ಎರಡು ತಿಂಗಳ ಹಿಂದೆ ಈ ತಮ್ಮ, ಎರಡನೇ ಮತ್ತು ಮೂರನೇ ಮಹಡಿಯ ನಡುವೆ ಲಿಫ್ಟಿನಲ್ಲಿ ನಲವತ್ತು ನಿಮಿಷ ಸಿಕ್ಕಿಹಾಕಿಕೊಂಡಿದ್ದ. ಬಿಡಿಸಲು ಬಂದ ಮೆಕ್ಯಾನಿಕ್ ತನ್ನನ್ನು ಬಾಯಿಗೆ ಬಂದಂತೆ ಬೈದ ಎಂದು ಅವನ ದೂರು. ಕಂಪನಿಯವರು ಮೆಕ್ಯಾನಿಕ್‌ನನ್ನು ಮನೆಗೆ ಕಳಿಸಿದ್ದರು. ತಪ್ಪು ಸಾಬೀತಾದರೆ ಲೈಸೆನ್ಸೂ ಹೋಗುತ್ತಿತ್ತು. ಆವತ್ತು ಲಿಫ್ಟಿನ ಬಾಗಿಲ ಹೊರಗೆ ನಿಂತು ಎಲ್ಲವನ್ನೂ ಕೇಳಿಸಿಕೊಂಡವರು ಟೀಚರಮ್ಮ ಒಬ್ಬರೇ. "ಅಕ್ಕ, ವಕೀಲರು ಕೇಳಿದ ತಕ್ಷಣ ಒಂದು 'ಹೌದು' ಅನ್ನು, ಅಷ್ಟು ಸಾಕು" ಎಂದು ತಮ್ಮ ಬೆಳಿಗ್ಗೆಯಿಂದ ಹೇಳಿ ಹೇಳಿ ಅವರ ಕಿವಿ ತೂತು ಮಾಡಿದ್ದ.

ತಮ್ಮನ ವಕೀಲರಿಗೆ ಇಂಗ್ಲಿಷ್ ಬೆರೆಸದಿದ್ದರೆ ಮಾತಿಗೆ ಉಪ್ಪು ಹತ್ತುತ್ತಿರಲಿಲ್ಲ. "ಮೇಡಂ, ಈ ಮನುಷ್ಯ ನಿಮ್ಮ ತಮ್ಮನಿಗೆ ಸ್ವೇರ್ ಮಾಡಿದ್ನೋ ಇಲ್ವೋ? ಒಂದೇ ಮಾತಲ್ಲಿ ಹೇಳಿ."

"ಮಾಡಿದ."

ಮೆಕ್ಯಾನಿಕ್ ತಲೆ ತಗ್ಗಿಸಿದ. ತಮ್ಮ ಬೆಂಚಿಗೆ ಒರಗಿ ಕಾಲು ಚಾಚಿದ. ವಕೀಲರು ಕೋಟಿನ ಅಂಚು ಎಳೆದುಕೊಂಡು ಇನ್ನೇನು ಕೂರಬೇಕು, ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿದರು. "ಏನಂತ ಮಾಡಿದ?"

"'ನಮ್ಮಮ್ಮನ ಆಣೆ ಸಾರ್, ಜೀವಕ್ಕೆ ಏನೂ ಆಗಲ್ಲ, ನಾನು ತೆಗೀತೀನಿ' ಅಂತ. ಮೂರು ಸಲ ಆಣೆ ಮಾಡ್ದ."

"ಅಯ್ಯೋ, ಆ ಸ್ವೇರ್ ಅಲ್ಲ ಮೇಡಂ!" ಅರ್ಧ ಕೂತಿದ್ದ ವಕೀಲರು ಚಿಮ್ಮಿ ಎದ್ದರು. "ನಾನು ಕೇಳಿದ್ದು ಬೈಗುಳದ ಸ್ವೇರ್!"

"ಎರಡಕ್ಕೂ ಅದೊಂದೇ ಪದ ಅಲ್ವಾ? ನೀವು ಬಿಡಿಸಿ ಕೇಳ್ಬೇಕಿತ್ತು" ಎಂದರು ಟೀಚರಮ್ಮ, ಹಿಂದಿನ ಬೆಂಚಿನ ಹುಡುಗನನ್ನು ತಿದ್ದುವ ಧಾಟಿಯಲ್ಲಿ.

ನ್ಯಾಯಾಧೀಶರಿಗೆ ಕುತೂಹಲ ತಡೆಯಲಾಗಲಿಲ್ಲ. "ಆಣೆಗೂ ಬೈಗುಳಕ್ಕೂ ಒಂದೇ ಪದ ಹೇಗಮ್ಮ ಬಂತು?"

"ಮೊದಲು ಬರೀ ಆಣೆ ಅಂತ್ಲೇ ಇತ್ತು ಸ್ವಾಮಿ. ದೇವರ ಹೆಸರೆತ್ತಿ ಆಣೆ ಇಡೋರು. ಆಮೇಲೆ ಕಾಲು ಎಡವಿದ್ರೂ ದೇವರ ಹೆಸರು, ಬೀಗ ಕೈ ಕೊಟ್ರೂ ದೇವರ ಹೆಸರು. ಸಿಟ್ಟು ಬಂದಾಗಲೆಲ್ಲ ಹೀಗೆ ಆಡ್ತಾ ಆಡ್ತಾ ಆಣೆನೇ ಬೈಗುಳ ಆಗೋಯ್ತು. ಉತ್ತರಕ್ಕೆ ಆನ್ಸರ್ ಅಂತೀವಲ್ಲ, ಅದರ ಹೊಟ್ಟೆಯೊಳಗೂ ಇದೇ ಪದ ಇದೆ. ಆರೋಪ ಬಂದ್ರೆ ಆಣೆ ಮಾಡಿ ಎದುರು ಹೇಳೋದು, ಅದೇ ಆನ್ಸರ್."

"ಹಾಗಾದ್ರೆ ನೀವೂ ಆನ್ಸರ್ ಕೊಡಿ. ಬೈಗುಳದ ಸ್ವೇರ್ ಮಾಡಿದ್ದು ಯಾರು?" ಎಂದರು ನ್ಯಾಯಾಧೀಶರು.

ಟೀಚರಮ್ಮ ತಮ್ಮನನ್ನು ನೋಡಿದರು. ಅಮ್ಮ ಹೋದ ಮೇಲೆ ತಾವೇ ದಿನಾ ತಲೆ ಬಾಚಿ, ಶೂ ಕಟ್ಟಿ ಶಾಲೆಗೆ ಕಳಿಸಿದ ತಮ್ಮ. ಅವನು ಕಣ್ಣಲ್ಲೇ ಬೇಡ ಬೇಡ ಎನ್ನುತ್ತಿದ್ದ. ಗೋಡೆಯ ಪಕ್ಕದ ಮೆಕ್ಯಾನಿಕ್ ಏನನ್ನೂ ಬೇಡದೆ ನೆಲ ನೋಡುತ್ತಿದ್ದ. ಅದನ್ನೇ ಅವರಿಗೆ ತಡೆಯಲಾಗಲಿಲ್ಲ. "ಲಿಫ್ಟ್ ಒಳಗಿದ್ದವನು" ಎಂದರು.

"ಯಾವ ಪದಗಳು? ದಾಖಲಾಗಬೇಕು."

"ಚೀಟಿಯಲ್ಲಿ ಬರೆದುಕೊಡ್ಲಾ ಸ್ವಾಮಿ?"

"ಬಾಯಲ್ಲೇ ಹೇಳ್ಬೇಕಮ್ಮ."

ಹುಟ್ಟಿದಾರಭ್ಯ ಟೀಚರಮ್ಮನ ಬಾಯಿಂದ ಬಂದ ದೊಡ್ಡ ಬೈಗುಳವೆಂದರೆ 'ಕತ್ತೆ'. ಅದನ್ನೂ ಅಂದು ಆಮೇಲೆ ಕತ್ತೆಗಾಗಿ ಮರುಗುವ ಜೀವ. ಅವರು ಕಣ್ಣು ಮುಚ್ಚಿ, ಉಕ್ತಲೇಖನ ಹೇಳುವಂತೆ ನಿಧಾನವಾಗಿ, ಒಂದೊಂದು ಅಕ್ಷರವನ್ನೂ ಬಿಡಿಸಿ ಶುರು ಮಾಡಿದರು. ಮೊದಲನೆಯದಕ್ಕೆ ಪೊಲೀಸಿನವನು ಟೋಪಿಯಿಂದ ಮುಖ ಮುಚ್ಚಿಕೊಂಡ. ಎರಡನೆಯದಕ್ಕೆ ವಕೀಲರು ಫೈಲಿನೊಳಗೆ ತಲೆ ಹುದುಗಿಸಿದರು. ಮೂರನೆಯದಕ್ಕೆ ಟೈಪಿಸ್ಟಳ ಬೆರಳು ನಿಂತಿತು.

"ಮೇಡಂ, ಇದು ಮಹಾಪ್ರಾಣವಾ?"

"ಅಲ್ಪಪ್ರಾಣ ಕಣಮ್ಮ. ಜನ ಸುಮ್ನೆ ಒತ್ತಿ ಹೇಳ್ತಾರೆ. ಮುಂದಿನದಕ್ಕೆ ದೀರ್ಘ ಇದೆ, ಬಿಡಬೇಡ."

ಹನ್ನೊಂದನೆಯದು ಮುಗಿದಾಗ ಅವರು ಕಣ್ಣು ತೆರೆದರು. ಟೀಚರಮ್ಮನ ಕಿವಿ ಕೆಂಪಾಗಿತ್ತು, ಆದರೆ ಎದೆ ಯಾಕೋ ಹಗುರವಾಗಿತ್ತು. ಆ ಹಗುರಕ್ಕೇ ಇನ್ನಷ್ಟು ನಾಚಿಕೆಯಾಯಿತು. ನ್ಯಾಯಾಧೀಶರು ಕೆಮ್ಮಿ ಗಂಟಲು ಸರಿಮಾಡಿಕೊಂಡು, ದೂರಿನಲ್ಲಿ ಹುರುಳಿಲ್ಲವೆಂದು ಕೇಸು ವಜಾ ಮಾಡಿದರು. ಮೆಕ್ಯಾನಿಕ್ ಟೀಚರಮ್ಮನಿಗೆ ಕೈ ಮುಗಿದ. ಕಂಪನಿಗೆ ಫೋನು ಹಚ್ಚುತ್ತಾ ಹೊರಗೆ ಓಡಿದ.

ವರಾಂಡದ ಕಲ್ಲುಬೆಂಚಿನ ಮೇಲೆ ಅಕ್ಕ ತಮ್ಮ ಪಕ್ಕಪಕ್ಕ ಕೂತರು. ತಮ್ಮನ ಸಿಟ್ಟು ಇಳಿದು ಮುಖ ಚಿಕ್ಕದಾಗಿತ್ತು.

"ಒಳಗೆ ದೀಪ ಆರಿಹೋಗಿತ್ತು ಅಕ್ಕ. ಉಸಿರು ಕಟ್ಟಿದ ಹಾಗಾಯ್ತು. ಇಲ್ಲೇ ಸತ್ತೆ ಅಂದ್ಕೊಂಡು ಬೈದುಬಿಟ್ಟೆ, ಅದನ್ನ ಅವನು ಊರಿಗೆಲ್ಲ ಹೇಳೋ ಮುಂಚೆ ನಾನೇ ದೂರು ಕೊಟ್ಟೆ. ಭಯ ಆಗ್ತಿದೆ ಅಂತ ಮೂರನೆಯವನ ಹತ್ರ ಹೇಗೆ ಹೇಳ್ಲಿ?"

ಟೀಚರಮ್ಮ ಸೆರಗಿನಿಂದ ಅವನ ಹಣೆಯ ಬೆವರು ಒರೆಸಿದರು.

"ಹನ್ನೊಂದು ಮಾತು ಸರಾಗವಾಗಿ ಬಂತಲ್ಲೋ," ಎಂದರು, "ಈ ಒಂದು ಬಾಯಿಗೆ ಬರಲಿಲ್ವಾ?"