ಆರುನೂರರ ಮೊದಲು ಒಂದು ಸೊನ್ನೆ

ನನ್ನ ಗಂಡನ ತಿಥಿ ಮುಗಿದು ನೆಂಟರೆಲ್ಲ ಹೊರಟ ಮರುದಿನ ಬೆಳಿಗ್ಗೆ, ಅವರು ಕೇಳಿ ತಂದಿದ್ದ ತನ್ನ ಲ್ಯಾಪ್‌ಟಾಪ್ ವಾಪಸ್ ಒಯ್ಯಲು ಅವರ ಗೆಳೆಯ ಬಂದ.

“ಇದರಲ್ಲಿ ಅವರು ನನಗೆ ಬರೀತಿದ್ದ ಕಾಗದ ಇದೆ,” ಎಂದೆ. “ ಆಸ್ಪತ್ರೇಲಿ ಮುಗಿಸ್ತೀನಿ ಅಂತ ಕೂತ್ರೆ ಅವರಿಗೇ ಫೈಲ್ ಓಪನ್ ಆಗ್ಲಿಲ್ಲ. ನೀನು ಮುಟ್ಟಬೇಡ, ಮನೆಗೆ ಬಂದು ನೋಡ್ತೀನಿ ಅಂದ್ರು.”

ಫೈಲಿಗೆ ಬೀಗ ಹಾಕಿದ್ದ ಪ್ರೋಗ್ರಾಂ ನೋಡಿ ಗೆಳೆಯ ಹಣೆ ಚಚ್ಚಿಕೊಂಡ. “ಅವನೊಬ್ಬನಿಗೇ ಓದಿ ಬರೆಯೋ ಅನುಮತಿ ಕೊಡೋ ಫಂಕ್ಷನ್ ಇದು, ಅತ್ತಿಗೆ. ಆ ಅನುಮತಿಯ ಸಂಖ್ಯೆ ಆರುನೂರು, ಅದರ ಮೊದಲು ಒಂದು ಸೊನ್ನೆ ಹಾಕ್ಬೇಕಿತ್ತು. ಹಾಕದೇ ಇದ್ದಿದ್ದಕ್ಕೆ ಕಂಪ್ಯೂಟರ್ ಅದನ್ನ ಬೇರೇನೋ ಸಂಖ್ಯೆ ಅಂತ ಓದಿ ಅವನನ್ನೂ ಹೊರಗಿಟ್ಟಿದೆ.”

ಸೊನ್ನೆ ಸೇರಿಸಿ, ಪ್ರೋಗ್ರಾಂ ಮತ್ತೆ ನಡೆಸಿ ಫೈಲ್ ತೆರೆದ. ‘ನಿನಗೊಂದು ವಿಷಯ ಹೇಳಲೇಬೇಕು’ ಎಂಬಲ್ಲಿಗೆ ಕಾಗದ ನಿಂತಿತ್ತು.

“ಅವನಿಗೆಲ್ಲಿ ಬರ್ತಿತ್ತು ಪ್ರೋಗ್ರಾಂ? ಯಾವ ಪುಣ್ಯಾತ್ಮ ಬರೆದುಕೊಟ್ಟ?”

“ನಾನು,” ಎಂದು ಲ್ಯಾಪ್‌ಟಾಪ್ ಮುಚ್ಚಿ ಅವನ ಕೈಗೆ ಕೊಟ್ಟೆ.