ನೀಲಮ್ಮನ ಸೆರಗಿನ ಕೆಂಪು ಬಿಲ್ಲೆ

ಮದುವೆ ಊಟದ ಪಂಕ್ತಿಯಲ್ಲಿ ಬಡಿಸುವವರು ಈಗ ಮುಖ ನೋಡುವುದಿಲ್ಲ, ಎದೆಯ ಮೇಲಿನ ಬಿಲ್ಲೆ ನೋಡುತ್ತಾರೆ. ಹೃದಯ ಚೆನ್ನಾಗಿರುವವರಿಗೆ ಹಸಿರು ಬಿಲ್ಲೆ. ಬೊಜ್ಜು ಬೆಳೆದು, ಸಕ್ಕರೆ ಏರಿ, ಹೃದಯಾಘಾತದ ಅಂಚಿಗೆ ಬಂದವರಿಗೆ ಕೆಂಪು. ವರ್ಷಕ್ಕೊಮ್ಮೆ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿ ಕೊಟ್ಟಿದ್ದನ್ನು ಎಲ್ಲರಿಗೂ ಕಾಣುವಂತೆ ಚುಚ್ಚಿಕೊಳ್ಳಬೇಕು. ಕೆಂಪಿನವರ ಎಲೆಗೆ ನವಣೆ ಅನ್ನ, ಸಪ್ಪೆ ಕೋಸಂಬರಿ, ಅಷ್ಟೇ.

ಡ್ರಿಲ್ ಮೇಷ್ಟ್ರು ಪಂಚಾಕ್ಷರಪ್ಪನವರಿಗೆ ಈ ವರ್ಷ ಕೆಂಪು ಬಂದಿತ್ತು. ಊರಿನ ಅರ್ಧ ಮಕ್ಕಳನ್ನು ಮೈದಾನದಲ್ಲಿ ಓಡಿಸಿದವರು ಅದನ್ನು ಹೇಗೆ ತಾನೇ ತೋರಿಸಿಕೊಂಡಾರು? ಛತ್ರಕ್ಕೆ ಬರುವ ಆಟೋದಲ್ಲೇ ಹೆಂಡತಿಯ ಹಸಿರು ಬಿಲ್ಲೆ ಕೇಳಿ ಇಸಕೊಂಡಿದ್ದರು. ನೀಲಮ್ಮ ಗಂಡನ ಕೆಂಪನ್ನು ತಮ್ಮ ಸೆರಗಿಗೆ ಚುಚ್ಚಿಕೊಂಡಿದ್ದರು.

“ಈ ವಯಸ್ಸಲ್ಲೂ ಹಸಿರು! ಮೇಷ್ಟ್ರು ಅಂದ್ರೆ ಮೇಷ್ಟ್ರು,” ಎನ್ನುತ್ತಾ ಬಡಿಸುವವನು ಮೂರನೇ ಹೋಳಿಗೆ ಹಾಕಿ ತುಪ್ಪ ಸುರಿದ. ಅವರು ಎದೆಯ ಮೇಲಿನ ಬಿಲ್ಲೆ ಸರಿಮಾಡಿಕೊಂಡು ಹೋಳಿಗೆ ಮುರಿದರು.

ಎದುರು ಸಾಲಿನಲ್ಲಿ ನೀಲಮ್ಮ ನವಣೆ ಅನ್ನ ಕಲಸುತ್ತಿದ್ದರು. ಪಕ್ಕದಲ್ಲಿ ಕೂತಿದ್ದ ಮದುಮಗಳ ಸೋದರತ್ತೆ ಸರ್ವಮಂಗಳಮ್ಮ ಅವರ ಸೆರಗನ್ನೇ ನೋಡಿದರು.

“ಅಯ್ಯ, ಕಡ್ಡಿ ಹಂಗಿದ್ದೀರಿ, ನಿಮಗೆ ಕೆಂಪಾ? ಕದ್ದುಮುಚ್ಚಿ ತಿಂತೀರೇನ್ರಿ?”

“ಹೂಂ ಕಣ್ರೀ, ಬಾಯಿ ಚಪಲ. ಇವರು ಬೇಡ ಬೇಡ ಅಂತಾನೇ ಇರ್ತಾರೆ,” ಎಂದರು ನೀಲಮ್ಮ, ಎಲೆಯಿಂದ ತಲೆ ಎತ್ತದೆ.

ಸರ್ವಮಂಗಳಮ್ಮ ಎದುರು ಸಾಲಿಗೆ ಕೇಳುವಂತೆ ದನಿ ಏರಿಸಿದರು. “ಮೇಷ್ಟ್ರೇ, ಮನೆಯವರಿಗೆ ಒಂಚೂರು ಬುದ್ಧಿ ಹೇಳ್ರಿ!”

ಬಾಯಿ ತುಂಬ ಹೋಳಿಗೆ ಇಟ್ಟುಕೊಂಡಿದ್ದ ಪಂಚಾಕ್ಷರಪ್ಪನವರು, ಹೆಂಡತಿಯ ಕಡೆ ನೋಡದೆ, ಆಗಲಿ ಎಂದು ತಲೆಯಾಡಿಸಿದರು.